ಫೋಟೋ ವಾಪಸು ಕೊಡಲು ಬಂದವನು

"ಯಾರು ಬೇಕಾಗಿತ್ರಿ?"

ಬಾಗಿಲಲ್ಲಿ ನಿಂತವನ ಒಂದು ಕೈಯಲ್ಲಿ ಹೆಲ್ಮೆಟ್ಟು, ಕಂಕುಳಲ್ಲಿ ಹಳೆಯ ಫೈಲು.

"ಗಂಗಾಂಬಿಕಾ ಟೀಚರ್ ಮನಿ ಇದೇ ಏನ್ರಿ? ನಾ ಮುಧೋಳದಾಂವ. ಚನಮಲ್ಲಪ್ಪನವರ ಮಗ, ವೀರೇಶ."

ಗಂಗಾಂಬಿಕೆಯ ಕೈ ಚಿಲಕದ ಮೇಲೆಯೇ ನಿಂತುಬಿಟ್ಟಿತು.

ಹನ್ನೆರಡು ವರ್ಷಗಳ ಹಿಂದೆ ಅಪ್ಪ ಮುತ್ತಣ್ಣ ಮಾಸ್ತರರು ಅವಳ ಫೋಟೋ ಕಳಿಸಿದ್ದು ಇದೇ ವೀರೇಶನಿಗಾಗಿ. ಹೆಣ್ಣು ಒಪ್ಪಿಗೆಯಾದರೆ ಫೋಟೋ ಇಟ್ಟುಕೊಳ್ಳಬೇಕು, ಆಗದಿದ್ದರೆ ಮರ್ಯಾದೆಯಿಂದ ವಾಪಸು ಕಳಿಸಬೇಕು. ಅವರ ಬಳಗದಲ್ಲಿ ಹಾಗೆಯೇ ನಡೆದು ಬಂದಿತ್ತು. ಚನಮಲ್ಲಪ್ಪನವರು ಹೂಂ ಎನ್ನಲೂ ಇಲ್ಲ, ಫೋಟೋ ಕೊಡಲೂ ಇಲ್ಲ. ಅಪ್ಪ ಬಸ್ಸು ಹತ್ತಿ ಮುಧೋಳಕ್ಕೆ ಹೋಗಿ, ಅವರ ಕಟ್ಟೆಯ ಮೇಲೆ ಕೂತು ಕೂತು ಬರಿಗೈಯಲ್ಲಿ ಬಂದರು. "ಮುಧೋಳದವರದು ಏನಾತು?" ಎಂದು ಕೇಳುತ್ತ ಉಳಿದ ಮನೆತನದವರೂ ಹಿಂದೆ ಸರಿದರು. ಅಪ್ಪ ತೀರಿಕೊಳ್ಳುವವರೆಗೂ ಬನಹಟ್ಟಿಯ ಈ ಮನೆಯಲ್ಲಿ ಯಾರೂ ಮುಧೋಳದ ಹೆಸರೆತ್ತಲಿಲ್ಲ.

"ನಮ್ಮ ಅಪ್ಪ ಹೋಗಿ ಎರಡು ತಿಂಗಳಾತ್ರಿ," ಎಂದ ವೀರೇಶ. "ಹೊಲದ ಉತಾರ, ಕಬ್ಬಿನ ಪಾವತಿ, ಎಲ್ಲಾ ಕಾಗದ ತಗದು ನೋಡಾಕತ್ತಿದ್ದೆ. ಅದರಾಗ ನಿಮ್ಮ ಫೋಟೋ, ನಿಮ್ಮ ಅಪ್ಪಾರ ಪತ್ರ ಇದ್ದೂವು. ಕೊಟ್ಟು ಹೋಗೂಣಂತ..."

"ಕೊಟ್ಟು?" ಅವಳ ದನಿ ಏರಿತು. "ಫೋಟೋ ವಾಪಸ್ ಕೊಡೂದಂದ್ರ ಏನರ್ಥ ಗೊತ್ತೈತೇನ್ರಿ? ಹನ್ನೆರಡು ವರ್ಷ ಆದಮ್ಯಾಲೆ ನನ್ನ ಮನಿ ಬಾಗಲಿಗೆ ಬಂದು 'ನೀ ಬ್ಯಾಡ' ಅನ್ನಾಕ ಬಂದೀರೇನು?"

ವೀರೇಶ ತಬ್ಬಿಬ್ಬಾದ. ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು.

"ಹಂಗಲ್ರಿ. ಅಪ್ಪಗ ಯಾರಿಗೂ 'ಇಲ್ಲ' ಅನ್ನಾಕ ಬಾಯಿ ಬರ್ತಿರಲಿಲ್ಲ. ಎಲ್ಲಾರಿಗೂ 'ನೋಡೂಣು' ಅಂತಿದ್ದ. ನನಗ ಈ ಫೋಟೋ ತೋರಿಸೇ ಇಲ್ಲ."

"ತೋರಿಸಿದ್ರ ಕುಣಕೋತ ಬರ್ತಿದ್ರೇನು? ಈಗ ಕಬ್ಬಿನ ಹೊಲದವರಿಗೆ ಹೆಣ್ಣು ಸಿಗವಲ್ಲವು. ಅದಕ್ಕ ಹಳೇ ಕಾಗದ ಜಾಡಿಸಾಕತ್ತೀರಿ."

"ಸಿಗವಲ್ಲವು, ಅದು ಖರೆ ಐತ್ರಿ," ಎಂದ ಅವನು ತಲೆ ತಗ್ಗಿಸಿ. "ಜಾಡಿಸಿದ್ದು ಮಾತ್ರ ಉತಾರದ ಸಲುವಾಗಿ."

ಒಳಗಿನಿಂದ ಅವ್ವ ಹಾಲವ್ವ ನೀರಿನ ತಂಬಿಗೆ ಹಿಡಿದು ಬಂದಳು. "ಬಿಸಲಾಗ ಬಂದಾನ, ಒಳಗ ಕರಿಯೇ."

"ಅವ್ವಾ, ನೀ ಸುಮ್ಮನಿರು."

ಅವ್ವ ಸುಮ್ಮನಿರಲಿಲ್ಲ. ಅವನು ನೀರು ಕುಡಿದು, ಉಳಿದದ್ದನ್ನು ಬಾಗಿಲ ಬದಿಯ ಬಾಡಿದ ಮಲ್ಲಿಗೆಯ ಬುಡಕ್ಕೆ ಹಾಕಿ ಒಳಗೆ ಬಂದ. ಅದನ್ನು ಗಮನಿಸಿದ್ದಕ್ಕೆ ಗಂಗಾಂಬಿಕೆಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವನು ಫೈಲಿನಿಂದ ಹೊಸ ಪ್ಲಾಸ್ಟಿಕ್ ಕವರು ತೆಗೆದ. ಹುಳ ಹಿಡಿಯದಿರಲೆಂದು ಒಳಗೆ ಬೇವಿನ ಎಲೆ ಇಟ್ಟಿದ್ದ. ಎರಡು ಫೋಟೋಗಳನ್ನು ಟೇಬಲ್ಲಿನ ಮೇಲಿಟ್ಟ. ಒಂದರಲ್ಲಿ ನೀಲಿ ಸೀರೆಯ ಗಂಗಾಂಬಿಕಾ ಹುಬ್ಬು ಗಂಟಿಕ್ಕಿ ಒಬ್ಬಳೇ ನಿಂತಿದ್ದಳು. ಇನ್ನೊಂದರಲ್ಲಿ ಅಪ್ಪ ಇದ್ದರು. ಅವಳ ಸೆರಗಿನ ತುದಿ ಸರಿಮಾಡಲು ಅವರು ಬಗ್ಗಿದಾಗಲೇ ಸ್ಟುಡಿಯೋದವನು ಕ್ಯಾಮೆರಾ ಒತ್ತಿಬಿಟ್ಟಿದ್ದ.

ತಂದೆ ಮಗಳು ಜೊತೆಗಿರುವ ಒಂದು ಫೋಟೋ ಕೂಡ ಈ ಮನೆಯಲ್ಲಿ ಇರಲಿಲ್ಲ.

ಅವಳು ಪತ್ರ ಬಿಡಿಸಿದಳು. ಅಪ್ಪನ ದುಂಡಗಿನ ಅಕ್ಷರ.

'ಎರಡನೆಯ ಫೋಟೋದಲ್ಲಿ ಅಡ್ಡ ಬಂದವನು ನಾನು, ಕ್ಷಮಿಸಬೇಕು. ನನ್ನ ಮಗಳಿಗೆ ಸಿಟ್ಟು ಬೇಗ ಬರುತ್ತದೆ. ಮುಚ್ಚಿಡುವುದು ಸರಿಯಲ್ಲವೆಂದು ತಿಳಿಸಿದ್ದೇನೆ. ಆದರೆ ಎಂಥ ಸಿಟ್ಟಿನಲ್ಲೂ ಮನೆಗೆ ಬಂದವರನ್ನು ಅವಳು ಚಹಾ ಕೊಡದೆ ಕಳಿಸಿದವಳಲ್ಲ.'

ಅವಳು ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು.

"ನಿಮ್ಮ ಅಪ್ಪಾರು ಒಂದು ಸುಳ್ಳು ಬರದಾರ್ರಿ," ಎಂದ ವೀರೇಶ ಮೆಲ್ಲಗೆ.

"ಏನಂದ್ರಿ?"

"ಚಹಾದ್ದು."

ಅವಳು ದುರುಗುಟ್ಟಿ ನೋಡಿದಳು. ಅವನು ನಗಲಿಲ್ಲ. ಆದರೆ ಕಣ್ಣಿನ ಅಂಚು ಸುಮ್ಮನಿರಲಿಲ್ಲ. ಅವಳು ದಡದಡ ಅಡುಗೆಮನೆಗೆ ಹೋಗಿ, ಡಬ್ಬಿ ಕುಕ್ಕಿ, ಪಾತ್ರೆ ಕುಕ್ಕಿ ಚಹಾ ಮಾಡಿ ತಂದಳು.

"ನಮ್ಮ ಅಪ್ಪ ಸುಳ್ಳು ಹೇಳಿದಾಂವಲ್ಲ. ಕುಡೀರಿ, ಕುಡದು ನಡೀರಿ."

"ಹೂಂ ರೀ." ಬಸಿಗೆ ಸುರಿದು ಆರಿಸಿಕೊಂಡು ಕುಡಿದ. "ನಮ್ಮ ಅಪ್ಪ ಮಾಡಿದ್ದಕ್ಕ ನಾ ಏನ ಹೇಳಿದ್ರೂ ಕಡಿಮೇನ. ನಿಮ್ಮ ಅಪ್ಪಾರ ಮುಂದ ಹೇಳೂದಿತ್ತು." ಗೋಡೆಯ ಮೇಲಿದ್ದ ಮಾಸ್ತರರ ಫೋಟೋಕ್ಕೆ ಕೈ ಮುಗಿದು ಹೊರಗೆ ಹೋದ.

ಅವಳು ಪತ್ರ, ಫೋಟೋಗಳನ್ನು ಕವರಿಗೆ ಸೇರಿಸತೊಡಗಿದಳು. ಪತ್ರ ಇತ್ತು. ಅಪ್ಪ ಸೆರಗು ಸರಿಮಾಡುತ್ತಿದ್ದ ಫೋಟೋ ಇತ್ತು. ಇನ್ನೊಂದು ಇರಲಿಲ್ಲ.

ಅವಳು ಬಾಗಿಲಿಗೆ ಓಡಿದಳು. ಅವನು ಬೈಕಿನ ಮೇಲೆ ಕೂತಿದ್ದ.

"ನನ್ನ ಫೋಟೋ ಎಲ್ಲೈತಿ?"

ಅವನು ಅಂಗಿಯ ಕಿಸೆಯ ಮೇಲೆ ಕೈಯಿಟ್ಟ. "ವಾಪಸ್ ಕೊಟ್ರ ಬ್ಯಾಡ ಅಂದಂಗ ಅಂತ ನೀವ ಹೇಳಿದ್ರಲ್ರಿ."

"ಕೇಳದ ತಗೊಂಡು ಹೋದ್ರ ಕಳವು ಅಂತಾರ."

"ಈಗ ಕೇಳಾಕತ್ತೇನ್ರಿ." ಅವನು ಬೈಕಿನಿಂದ ಇಳಿದ. ಫೋಟೋ ತೆಗೆದು ಅಂಗೈಯ ಮೇಲಿಟ್ಟು ಅವಳತ್ತ ಚಾಚಿದ. "ಇಟ್ಕೊಳ್ಳಲೇನ್ರಿ? ಬ್ಯಾಡಂದ್ರ ಇಲ್ಲೇ ಕೊಟ್ಟು ಹೋಗತೇನಿ."

ಕೈ ಚಾಚಿದರೆ ಸಾಕಿತ್ತು. ಅವಳು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು ನಿಂತಳು.

"ದಾರ್ಯಾಗ ಚಿಮ್ಮಡದ ಕಡೆ ಕಬ್ಬಿನ ಟ್ರ್ಯಾಕ್ಟರ್ ಭಾಳ ಇರ್ತಾವ," ಎಂದಳು ಕೊನೆಗೆ, ಇನ್ನೂ ಸಿಟ್ಟಿನ ದನಿಯಲ್ಲೇ. "ಸಾವಕಾಶ ಹೋಗ್ರಿ. ಅದನ್ನ ಮತ್ತ ಕಿಸೇದಾಗ ತುರುಕಬ್ಯಾಡ್ರಿ, ಮಡಚತೈತಿ. ತಡೀರಿ, ಒಂದು ಕವರ್ ತರತೇನಿ."