ರೋಗಿಯ ಪಾತ್ರದಲ್ಲಿ ಮಕ್ಕಳ ಡಾಕ್ಟರು

ಮೆಡಿಕಲ್ ಕಾಲೇಜಿನಲ್ಲಿ ಮೇಡಂ ಹೇಳಿಕೊಡುತ್ತಿದ್ದುದು ಯಾರಿಗೂ ಬೇಡದ ಪಾಠ: ಡಾಕ್ಟರಾದವರಿಗೆ ಸಮಾಜದ ಬಗ್ಗೆ ಇರುವ ಜವಾಬ್ದಾರಿ. ಪುಸ್ತಕ ತೆರೆದರೆ ಹುಡುಗರು ಆಕಳಿಸುತ್ತಾರೆಂದು ಅವಳು ಕ್ಲಾಸಿನಲ್ಲೇ ನಾಟಕ ಆಡಿಸುತ್ತಿದ್ದಳು. ವಿದ್ಯಾರ್ಥಿಗಳಲ್ಲೊಬ್ಬರು ಡಾಕ್ಟರು, ಮಕ್ಕಳ ವಾರ್ಡಿನ ಡಾಕ್ಟರೇ ರೋಗಿ. ಆತ ಬರುತ್ತಿದ್ದುದು ಪಾಠದ ಮೇಲಿನ ಪ್ರೀತಿಗಲ್ಲ ಎಂಬುದು ಹಿಂದಿನ ಬೆಂಚಿಗೂ ಗೊತ್ತಿತ್ತು. ಹೊಟ್ಟೆನೋವೆಂದು ನರಳುತ್ತಲೇ ಟೀಚರ್ ಕಡೆಗೆ ಓರೆನೋಟ ಬೀರುವ ರೋಗಿ ಇನ್ನೆಲ್ಲಿ ಸಿಗಬೇಕು? ಗಂಭೀರವಾಗಿರಲು ಹೋಗಿ ಅವಳ ಕೆನ್ನೆ ಕೆಂಪಾಗುತ್ತಿತ್ತು. ಮುಂದಿನ ತಿಂಗಳು ಇಬ್ಬರ ಮದುವೆ.

ಅಂದು ಆತನ ಪಾತ್ರ, ಕ್ಷಯದ ಗುಮಾನಿ ಇದ್ದೂ ಬಚ್ಚಿಟ್ಟು ಶಾಲೆಗೆ ಹೋಗುತ್ತಿರುವ ಮೇಷ್ಟ್ರು. ಆತ ಕೆಮ್ಮಿದ. ಹುಡುಗರು ನಕ್ಕರು. ಮತ್ತೆ ಕೆಮ್ಮಿ ಮೇಜು ಹಿಡಿದುಕೊಂಡ. ನಟನೆ ಅತಿಯಾಯಿತೆಂದು ಅವಳು ಕಣ್ಣಲ್ಲೇ ಗದರಿದಳು. ಯಾವಾಗಲೂ ಕಣ್ಣು ಮಿಟುಕಿಸುತ್ತಿದ್ದ ಆತ ಅಂದು ಮಿಟುಕಿಸಲಿಲ್ಲ.

ಡಾಕ್ಟರಾಗಿ ಕೂತಿದ್ದ ವಿದ್ಯಾರ್ಥಿನಿ ತೂಕ ಇಳಿದಿದೆಯೇ ಎಂದು ಕೇಳಿದಳು. ಬೆಲ್ಟಿಗೆ ಹೊಸ ತೂತು ಹಾಕಿಸಿದ್ದೇನೆ ಎಂದ. ಮೇಡಂ ಆತನ ಬೆಲ್ಟಿನತ್ತ ನೋಡಿದಳು. ಅದೇ ತೂತು ನೋಡಿ, ಮದುವೆಯ ಚಿಂತೆಗೇ ಸೊರಗಿದ್ದೀಯಾ ಎಂದು ಮೊನ್ನೆಯಷ್ಟೇ ಅವಳು ರೇಗಿಸಿದ್ದಳು.

"ಮತ್ತೆ ಯಾಕೆ ಟೆಸ್ಟ್ ಮಾಡಿಸಿಲ್ಲ?" ವಿದ್ಯಾರ್ಥಿನಿ ಬಿಡಲಿಲ್ಲ.

"ಮದುವೆ ಹತ್ತಿರ ಇದೆ. ಮುಗೀಲಿ, ಆಮೇಲೆ ನೋಡಿದ್ರಾಯ್ತು ಅಂದ್ಕೊಂಡೆ."

ಅವಳು ಕಟ್ಟಿದ್ದ ಕಥೆಯಲ್ಲಿ ಮೇಷ್ಟ್ರಿಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದರು.

ಹುಡುಗರಿಗೆ ಇನ್ನೂ ಏನೂ ಹೊಳೆದಿರಲಿಲ್ಲ. ಇವತ್ತಿಗೆ ಸಾಕು ಎಂದು ಮೇಡಂ ಹೇಳಿಬಿಟ್ಟಿದ್ದರೆ ಮದುವೆ ಸಾಂಗವಾಗಿ ನಡೆಯುತ್ತಿತ್ತು. ಆದರೆ ವಾರ್ಡಿನಲ್ಲಿ ಆತ ಹೆಗಲಿಗೇರಿಸಿಕೊಳ್ಳುವ ಕೂಸುಗಳು ಅವಳ ಕಣ್ಣಿಗೆ ಕಟ್ಟಿದವು. ಎದ್ದು ಕಿಟಕಿಗಳನ್ನೆಲ್ಲ ತೆರೆದಳು. ನಾಟಕ ಮುಗಿಯಿತೆಂದಳು. ಆತನಿಗೊಂದು ಮಾಸ್ಕ್ ಕೊಟ್ಟು, ಎಲ್ಲರೆದುರೇ ವಾರ್ಡಿನ ಮುಖ್ಯಸ್ಥರಿಗೆ ಫೋನ್ ಮಾಡಿ, ಆತ ಮುಟ್ಟಿದ ಮಕ್ಕಳನ್ನೆಲ್ಲ ಪರೀಕ್ಷಿಸಬೇಕು ಎಂದಳು. ಹುಡುಗರು ಸದ್ದಿಲ್ಲದೆ ಹೊರಗೆ ಹೋದರು.

"ನೀನೊಬ್ಳೇ ಇದ್ದಾಗ ಹೇಳೋಕೆ ಬಾಯೇ ಬರ್ತಿರಲಿಲ್ಲ," ಎಂದ ಆತ. "ಈ ಕ್ಲಾಸಲ್ಲಿ ಹೇಳಿದ್ರೆ ನೀನು ಸುಮ್ನೆ ಬಿಡಲ್ಲ ಅಂತ ಗೊತ್ತಿತ್ತು. ಇನ್ನೂ ನಾನು ಬೇಕಾ ನಿಂಗೆ?"

"ಬೇಕು. ನಿನ್ನ ಮೇಲೆ ಸಿಟ್ಟು ಯಾವತ್ತು ಇಳಿಯುತ್ತೋ ಗೊತ್ತಿಲ್ಲ. ಆದ್ರೂ ಬೇಕು. ನಡಿ, ಟೆಸ್ಟಿಗೆ."

ಕಾರಿಡಾರಿನಲ್ಲಿ ಮಕ್ಕಳ ವಾರ್ಡು ದಾಟುವಾಗ ಒಳಗಿನಿಂದ ಪುಟ್ಟದೊಂದು ಕೆಮ್ಮು ಕೇಳಿಸಿತು. ಇಬ್ಬರೂ ನಿಂತರು. ಅಭ್ಯಾಸಬಲದಿಂದ ಆತನ ಕೈ ಬಾಗಿಲಿಗೆ ಹೋಯಿತು. ಅವಳು ಆ ಕೈಯನ್ನು ಹಿಡಿದುಕೊಂಡಳು, ಒಳಗೆ ಹೋಗಲು ಬಿಡಲಿಲ್ಲ.