ಎಡಗೈಯ ಅಚ್ಚು

ಬೆಳಗ್ಗೆ ಹತ್ತೂಕಾಲಿಗೆ ಗಿಟಾರಿನವನು ಎಡಗೈಯ ಅಚ್ಚು ಕೊಡಲು ಕಾರ್ಯಾಗಾರಕ್ಕೆ ಬಂದ. ಹದಿನಾಲ್ಕು ವರ್ಷಗಳಲ್ಲಿ ಅವನು ಅವಳ ಎದುರು ಕೂತದ್ದು ಅದೇ ಮೊದಲು.

ರೈಲು ನಿಲ್ದಾಣದ ಮುಂದಿನ ವೃತ್ತದಲ್ಲಿ ನಗರಸಭೆಯವರು ಊರಿನ ಹೆಸರಾಂತ ಬ್ಯಾಂಡಿನ ನಾಲ್ವರಿಗೂ ಕಂಚಿನ ಪ್ರತಿಮೆ ನಿಲ್ಲಿಸುತ್ತಿದ್ದರು. ಶಿಲ್ಪಿ ಅವಳ ಸೋದರಮಾವ. ಮುಖಗಳನ್ನು ಫೋಟೊ ನೋಡಿ ಮಾಡಿದ್ದರು. ಕೈಗಳು ಮಾತ್ರ ಅಸಲಿಯೇ ಆಗಬೇಕೆಂಬುದು ಅವರ ಹಟ. ಅಚ್ಚು ತೆಗೆಯುವುದು ಅವಳ ಕೆಲಸ. ಉಳಿದ ಮೂವರದು ಮುಗಿದಿತ್ತು.

"ಹೇಗಿದ್ದೀಯ?"

"ವಾಚ್ ಬಿಚ್ಚಿ. ಅಂಗಿ ತೋಳು ಮಡಚಿಕೊಳ್ಳಿ."

"ಏನಿದು, ಹೊಸ ಮರ್ಯಾದೆ?"

"ಪ್ರತಿಮೆ ಆಗೋರಿಗೆ ಕೊಡ್ಬೇಕಲ್ವಾ."

ಅವನು ನಕ್ಕ. ನಗುವಾಗ ಎಡಗಣ್ಣು ಮೊದಲು ಕಿರಿದಾಗುವುದು ಇನ್ನೂ ಹಾಗೆಯೇ ಇತ್ತು. ಅವಳು ವ್ಯಾಸಲೀನ್ ಡಬ್ಬಿಯ ಕಡೆ ನೋಡಿದಳು.

ತಂತಿಯಿಂದ ಆಗಷ್ಟೇ ಮೇಲೆದ್ದಂತೆ ಅವನ ಬೆರಳುಗಳನ್ನು ಬಾಗಿಸಿ ಇಡಿಸಿ, ಪ್ಲಾಸ್ಟರ್ ಅಂಟದಂತೆ ಒಂದೊಂದಕ್ಕೂ ವ್ಯಾಸಲೀನ್ ಸವರುತ್ತ ಹೋದಳು. ಉಂಗುರದ ಬೆರಳಿಗೆ ಬಂದಾಗ ಕೈ ನಿಂತಿತು. ಮತ್ತೆ ಮೊದಲಿನಿಂದ ಮುಟ್ಟಿ ನೋಡಿದಳು.

ಉಕ್ಕಿನ ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದ ಬೆರಳುಗಳವು. ಕೆನ್ನೆ ಸವರಿದರೆ ತರಚುತ್ತಿದ್ದವು. "ಮದುವೆಗೆ ಮುಂಚೆ ಉಪ್ಪುಕಾಗದ ಹಾಕಿ ಉಜ್ಕೊಂಡು ಬಾ" ಎಂದು ಆಗ ಛೇಡಿಸುತ್ತಿದ್ದಳು. ಈಗ ಅವು ಗುಮಾಸ್ತನ ಬೆರಳುಗಳಷ್ಟು ನುಣುಪಾಗಿದ್ದವು.

ಪ್ಲಾಸ್ಟರ್ ಮೆತ್ತಿದಳು. ಗಟ್ಟಿಯಾಗಲು ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಅವನು ಎದ್ದು ಹೋಗುವಂತಿಲ್ಲ.

"ನುಡಿಸೋದು ಬಿಟ್ಟು ಎಷ್ಟು ದಿನ ಆಯ್ತು?"

ಅವನು ಬಾಗಿಲ ಕಡೆ ನೋಡಿದ. "ಬ್ಯಾಂಡಿನ ಹೊರಗೆ ಯಾರಿಗೂ ಗೊತ್ತಿಲ್ಲ."

"ನಾನು ಕೇಳಿದ್ದು ಎಷ್ಟು ದಿನ ಅಂತ."

"ಆರು ವರ್ಷ. ಪರದೆ ಹಿಂದೆ ಬೇರೊಬ್ಬ ನುಡಿಸ್ತಾನೆ. ನಾನು ಬರೀ ಕೈ ಆಡಿಸ್ತೀನಿ."

"ಕೈಗೇನಾದ್ರೂ ಆಗಿತ್ತಾ?"

"ಇಲ್ಲ. ಬೇಜಾರಾಯ್ತು, ಅಷ್ಟೆ."

ಮದುವೆಗೆ ಹನ್ನೊಂದು ದಿನವಿದ್ದಾಗ, 'ನೀನಾ ಗಿಟಾರಾ ಅಂದರೆ ಗಿಟಾರೇ' ಎಂದು ಹೇಳಿ ಹೋದವನು ಇವನೇ. ಆಗ ಅವಳು ಅತ್ತಿದ್ದಳೇ ಹೊರತು ಶಪಿಸಿರಲಿಲ್ಲ. ತನಗಿಂತ ದೊಡ್ಡದೊಂದಕ್ಕೆ ಸೋತೆ ಎಂಬ ಸಮಾಧಾನವಿತ್ತು. ಅಮ್ಮ ತಂದ ಎರಡು ಸಂಬಂಧಗಳನ್ನು ಆ ಸಮಾಧಾನದ ಬಲದಲ್ಲೇ ಬೇಡವೆಂದಿದ್ದಳು.

"ಬಿಸಿಯಾಗ್ತಿದೆ ಇದು," ಎಂದ.

"ಗಟ್ಟಿಯಾಗುವಾಗ ಆಗುತ್ತೆ. ಆಮೇಲೆ ತಣ್ಣಗಾಗುತ್ತೆ."

"ನಿನ್ನ ನೋಡೋಕೇ ಬಂದೆ ಕಣೇ. ಫೋಟೊ ನೋಡಿ ಮಾಡ್ಕೊಳ್ಳಿ ಅನ್ನಬಹುದಿತ್ತು. ಈಗ ನಮ್ಮಿಬ್ಬರ ಮಧ್ಯೆ ಗಿಟಾರೂ ಇಲ್ಲ. ತಡ ಆಗಿಲ್ಲ ಅಂದ್ರೆ, ಇನ್ನೂ..."

ಈ ಮಾತಿಗೆ ಉತ್ತರವನ್ನು ಅವಳು ವರ್ಷಗಟ್ಟಲೆ ಒಳಗೊಳಗೇ ಆಡಿಕೊಂಡಿದ್ದಳು. ಅದು 'ಹೂಂ' ಎಂಬ ಒಂದೇ ಅಕ್ಷರ.

"ಆಟ ಮುಗಿದ ಮೇಲೆ ಮನೆ ನೆನಪಾಯ್ತಾ?" ಎಂದಳು. "ನೀನು ಈಗಲೂ ನುಡಿಸ್ತಿದ್ದು, ಹೀಗೆ ಬಂದು ಕರೆದಿದ್ರೆ ಬರ್ತಿದ್ದೆ ಕಣೋ. ಗಿಟಾರಿಗೋಸ್ಕರ ನನ್ನ ಬಿಟ್ಟೆ, ಸರಿ. ಬೇಜಾರಾಯ್ತು ಅಂತ ಅದನ್ನೂ ಬಿಟ್ಟೆ. ನಾಳೆ ನಾನು ಯಾವ ಮೂಲೆಗೆ?"

ಅವನು ಕೇಳಿದ್ದು ಇಷ್ಟೇ, "ನಿಮ್ಮ ಮಾವನಿಗೆ ಹೇಳ್ತೀಯಾ?"

"ಇಲ್ಲ."

ಅಚ್ಚನ್ನು ಎರಡು ಹೋಳಾಗಿ ಬಿಡಿಸಿದಳು. ಅವನು "ಬರ್ತೀನಿ" ಎಂದ.

"ಸೋಪು ನಲ್ಲಿ ಪಕ್ಕ ಬಲಗಡೆ ಇದೆ," ಎಂದಳು.

ಮಧ್ಯಾಹ್ನ ಅಚ್ಚಿನಿಂದ ಬಂದ ಮೇಣದ ಕೈಯನ್ನು ಮಾವ ಕನ್ನಡಕ ಏರಿಸಿ ನೋಡಿದರು. "ಏನಮ್ಮಾ ಇದು, ಗಿಟಾರ್ ನುಡಿಸೋನ ಬೆರಳು ಮಗುವಿನ ಬೆರಳಿನ ಹಾಗಿದೆ?"

"ವ್ಯಾಸಲೀನ್ ಜಾಸ್ತಿ ಆಯ್ತು ಮಾವ. ನನ್ನದೇ ತಪ್ಪು, ತಿದ್ತೀನಿ."

"ಇಪ್ಪತ್ತು ವರ್ಷದ ಕೆಲಸ, ಇನ್ನೂ ಅಂದಾಜು ಸಿಕ್ಕಿಲ್ಲ ನಿಂಗೆ," ಎಂದು ಗೊಣಗುತ್ತ ಅವರು ಊಟಕ್ಕೆ ಹೋದರು.

ನಾಲ್ಕು ಬೆರಳ ತುದಿಗಳಿಗೂ ಜಡ್ಡು ಕೂರಿಸಲು ಒಂದೂವರೆ ಗಂಟೆ ಹಿಡಿಯಿತು. ಫೋಟೊ ನೋಡಬೇಕಾಗಲಿಲ್ಲ. ಕಿರುಬೆರಳಿನದು ಆಗ ತುಸು ಒಳಮಗ್ಗುಲಿಗಿತ್ತು; ಹಾಗೆಯೇ ಇಟ್ಟಳು.

ಸೋಮವಾರ ಕಂಚು ಹೊಯ್ದರು.