ಕನ್ನಡಿಯಂತೆ ಹೊಳೆದ ಕೋವಿ

ಫೋನಿನಲ್ಲಿ ಕರ್ನಲ್ ಕೂಗಿದ್ದು ಒಂದೇ ಮಾತು: "ಕೊಲೆ!"

ಪಾಲಿಶ್ ಮಾಮ ಕೈಯಲ್ಲಿದ್ದ ಬ್ರಷ್ಷನ್ನು ವಾರ್ನಿಷ್ ಡಬ್ಬಿಯೊಳಗೇ ಬಿಟ್ಟು, ಎಡಬಲ ನೋಡದೆ ಚಪ್ಪಲಿ ಮೆಟ್ಟಿಕೊಂಡು ಓಡಿದ. ಹಳೆಯ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವುದು ಅವನ ಕಸುಬು. ಬಾಯಿ ಸುಮ್ಮನಿರದಿರುವುದು ಅವನ ಸ್ವಭಾವ. ದಾರಿಯಲ್ಲಿ ಸಿಕ್ಕ ದರ್ಜಿಗೆ, ಔಷಧಿ ಅಂಗಡಿಯವನಿಗೆ, ನಾಯಿ ಹಿಡಿದು ಅಡ್ಡಾಡುತ್ತಿದ್ದ ಹೆಂಗಸಿಗೆ, ಎಲ್ಲರಿಗೂ "ಕರ್ನಲ್ ಮನೇಲಿ ಕೊಲೆಯಂತೆ" ಎಂದು ಹೇಳುತ್ತಲೇ ಓಡಿದ್ದರಿಂದ ಅವನ ಹಿಂದೆ ಅರ್ಧ ಬೀದಿಯೇ ಬಂತು.

ಕರ್ನಲ್ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಒಂದು ಕೈ ಸೊಂಟಕ್ಕೆ, ಇನ್ನೊಂದು ಕೈ ಹಣೆಗೆ ಹಚ್ಚಿ ನಿಂತಿದ್ದರು. ಅವರು ಸೈನ್ಯದ ಮುಖ ನೋಡಿದವರಲ್ಲ. ಜೀವಮಾನವಿಡೀ ಹಾಸಿಗೆ ಮಾರಿದವರು. ಮೀಸೆ ನೋಡಿ ಜನ ಇಟ್ಟ ಹೆಸರು ಅದು. ಅವರಿಗಿದ್ದದ್ದು ಹಳೆಯ ರೈಫಲ್‌ಗಳ ಹುಚ್ಚು. ಅದೂ ದೊಡ್ಡವಲ್ಲ, ಸಲಕ್ಕೆ ಒಂದೇ ತೋಟಾ ತುಂಬಿ ಹೊಡೆಯುವ ಪುಟ್ಟ ಕೋವಿಗಳು. ತೋಟಾದ ತಳದ ಅಂಚಿಗೆ ಪಿನ್ ಬಡಿದರೆ ಚಪ್ಪಾಳೆಯಷ್ಟು ಸದ್ದು, ಅಷ್ಟೇ. ಅಂಥವನ್ನು ಗುಜರಿಯಲ್ಲಿ ಹುಡುಕಿ ತರುವುದು, ತುಕ್ಕು ಬಿಡಿಸುವುದು, ನೆಲಮಾಳಿಗೆಯ ಮರಳಿನ ಪೆಟ್ಟಿಗೆಗೆ ಗುರಿಯಿಟ್ಟು ಹೊಡೆಯುವುದು, ಇದರಲ್ಲೇ ಅವರ ಕೂದಲು ನರೆತಿತ್ತು.

"ಹೆಣ ಎಲ್ಲಿ?" ಎಂದು ಮಾಮ ಏದುಸಿರು ಬಿಟ್ಟ.

ಕರ್ನಲ್ ಮೇಜಿನ ಕಡೆ ಬೆರಳು ತೋರಿಸಿದರು. ಅಲ್ಲಿ ಅವರ ಪ್ರಾಣಕ್ಕೆ ಪ್ರಾಣವಾಗಿದ್ದ ಕೋವಿ "ಮುದುಕಿ" ಮಲಗಿತ್ತು. ನೂರು ವರ್ಷದ ಗಾಳಿ, ಎಣ್ಣೆ, ಬೆವರು ಸೇರಿ ನಳಿಗೆಗೆ ಕೊಟ್ಟಿದ್ದ ಕಂದುಬಣ್ಣ ಮಂಗಮಾಯ. ನಳಿಗೆ ಹೊಸ ನಲ್ಲಿಯಂತೆ ಥಳಥಳಿಸುತ್ತಿತ್ತು. ಮರದ ಹಿಡಿ ಹೋಟೆಲ್ ಮೇಜಿನಂತೆ ಮಿಂಚುತ್ತಿತ್ತು. ಹಳೆಯ ಕೋವಿಗಳ ಲೋಕದಲ್ಲಿ ಇದಕ್ಕಿಂತ ಘೋರ ಪಾತಕವಿಲ್ಲ. ಆ ಬಣ್ಣ ಹೋಯಿತೆಂದರೆ ಮತ್ತೆ ಬರಲು ಇನ್ನೊಂದು ನೂರು ವರ್ಷವೇ ಆಗಬೇಕು.

"ಹಾಸಿಗೆ ವ್ಯಾಪಾರಿಗಳ ಸಭೆ ಅಂತ ಒಂದು ವಾರ ಊರಲ್ಲಿರಲಿಲ್ಲ. ನಿನ್ನೆ ರಾತ್ರಿ ಬಂದೆ, ಬೆಳಿಗ್ಗೆ ಬೀರು ತೆಗೀತೀನಿ, ಈ ಅನ್ಯಾಯ!" ಎಂದ ಕರ್ನಲ್ ನಿಧಾನವಾಗಿ ತಿರುಗಿದರು. "ಈ ಬೀರುಗೆ ಇರೋದು ಎರಡೇ ಕೀ. ನನ್ನದು ಇರೋ ಜಾಗ ನನಗೊಬ್ಬನಿಗೇ ಗೊತ್ತು. ಇನ್ನೊಂದು ರಿಪೇರಿಗೆ ಅಂತ ನಿಮ್ಮ ಹತ್ರ ಇದೆ, ಬೀಗರೇ."

"ನಾನ್ಯಾಕೆ..."

"ಎಲ್ಲರ ಮುಂದೆ ಏನಂದಿದ್ರಿ? 'ಈ ಮುದುಕೀನ ಒಂದ್ಸಲ ನನ್ನ ಕೈಗೆ ಕೊಡಿ, ಕನ್ನಡಿ ಮಾಡಿ ತೋರಿಸ್ತೀನಿ' ಅನ್ನಲಿಲ್ವಾ?"

"ಅಯ್ಯೋ, ಅದು ತಮಾಷೆಗೆ ಅಂದದ್ದು!"

"ನನ್ನ ಮಗಳನ್ನ ಇಂಥ ಮನೆಗೆ ಕೊಡಲ್ಲ. ಮದುವೆ ಮಾತು ಇಲ್ಲಿಗೇ ಮುಗೀತು."

ಮಾಮನ ಮಗನಿಗೂ ಕರ್ನಲ್ ಮಗಳಿಗೂ ಮದುವೆ ನಿಶ್ಚಯವಾಗಿತ್ತು. ಮಕ್ಕಳಿಬ್ಬರೂ ಒಬ್ಬರನ್ನೊಬ್ಬರು ಒಪ್ಪಿ, ಎರಡೂ ಮನೆಯವರನ್ನು ಒಪ್ಪಿಸಲು ಪಟ್ಟ ಪಾಡು ಮಾಮನಿಗೆ ಗೊತ್ತಿತ್ತು. ಬಾಗಿಲಲ್ಲಿ ನೆರೆದಿದ್ದ ಅರ್ಧ ಬೀದಿಯನ್ನು ಸೀಳಿಕೊಂಡು ಅವನು ಮೆಟ್ಟಿಲು ಹತ್ತಿದ.

ಹತ್ತಿ ನೇರ ಹೋದದ್ದು ಅಕ್ಕನ ಮನೆಗೆ. ಅಕ್ಕ ಕಿವಿ ಡಾಕ್ಟರ್. ಜನರ ಕಿವಿಯೊಳಗೆ ಬೆಳಕು ಬಿಟ್ಟು ನೋಡುತ್ತಾ, ಅವರು ಹೇಳಿದ್ದನ್ನೂ ಹೇಳದೆ ನುಂಗಿದ್ದನ್ನೂ ಕೇಳಿಸಿಕೊಳ್ಳುವ ಅಭ್ಯಾಸ ಅವಳಿಗೆ ಬಂದಿತ್ತು. ಕಳೆದುಹೋದ ಉಂಗುರದಿಂದ ಓಡಿಹೋದ ಗಂಡನವರೆಗೆ ಊರಿನ ತಲೆನೋವೆಲ್ಲ ಬರುವುದು ಅವಳ ಬಾಗಿಲಿಗೇ. ಅಂಥ ಎಲ್ಲ ಪತ್ತೆಗಳಲ್ಲೂ ಮಾಮ ಅವಳ ಬಲಗೈ. ಈ ಸಲ ಬಲಗೈಗೇ ಕೋಳ ಬೀಳುವ ಹಾಗಿತ್ತು.

"ಅಳಬೇಡ ಕಣೋ, ಮೂಗು ಒರೆಸ್ಕೋ" ಎಂದಳು ಅಕ್ಕ. "ನೀನು ಮಾಡಿದ್ರೆ ಮಾಡೋಕೆ ಮುಂಚೆನೇ ಊರಿಗೆಲ್ಲ ಹೇಳಿರ್ತಿದ್ದೆ."

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಬಂದವರು ಮಾಮನ ಬೀಗಿತ್ತಿ, ಕರ್ನಲ್ ಹೆಂಡತಿ. ಕರ್ನಲ್ ತೆಂಗಿನ ಮರದಷ್ಟು ಎತ್ತರವಾದರೆ ಇವರು ಅವರ ಎದೆಗೂ ಬರುತ್ತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು ಸೆರಗಿನ ಅಂಚು ತಿರುಚುತ್ತಾ ಹೇಳಿದರು: "ಡಾಕ್ಟರಮ್ಮ, ಬೀಗರದ್ದು ಏನೂ ತಪ್ಪಿಲ್ಲ ಅಂತ ನಮ್ಮೆಜಮಾನರಿಗೆ ಹೇಗಾದ್ರೂ ಒಪ್ಪಿಸಿ. ಯಾರು ಮಾಡಿದ್ರು ಅಂತೆಲ್ಲ ಕೆದಕೋದು ಬೇಡ. ಮದುವೆ ಒಂದು ಉಳಿದ್ರೆ ಸಾಕು."

"ಖಂಡಿತ" ಎಂದಳು ಅಕ್ಕ. "ಅಂದ ಹಾಗೆ, ನಾನು ಕೊಟ್ಟ ಕಿವಿ ಬಿರಡೆ ಹೇಗಿದೆ?"

"ತುಂಬ ಚೆನ್ನಾಗಿದೆ. ಅವರ ಗೊರಕೆ ಕೇಳೋದೇ ಇಲ್ಲ" ಎಂದು ಬೀಗಿತ್ತಿ ಅವಸರದಿಂದ ಎದ್ದರು.

ಮರುದಿನ ಅಕ್ಕ ತಮ್ಮ ಇಬ್ಬರೂ ನೆಲಮಾಳಿಗೆಗೆ ಇಳಿದರು. ಕರ್ನಲ್ ಮಾಮನ ಕಡೆ ಬೆನ್ನು ತಿರುಗಿಸಿ ನಿಂತರು. ತಿರುಗಿದ್ದೇ "ಅಮ್ಮಾ" ಎಂದು ನರಳಿದರು. ಅಲ್ಲಿ ಆಗಲೇ ಭೂತಗನ್ನಡಿಯೂ ಬಂದಿದ್ದ. ಅವನೂ ಕೋವಿ ಸಂಗ್ರಹಿಸುವವನೇ. ಕೋವಿಗಳ ಮೇಲಿನ ಸಣ್ಣ ಅಕ್ಷರ ಓದಲು ಸದಾ ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ಆ ಹೆಸರು ಗಳಿಸಿದ್ದ. ಮುದುಕಿಯನ್ನು ತನಗೆ ಕೊಡಿ ಎಂದು ಕರ್ನಲ್‌ಗೆ ಗಂಟುಬಿದ್ದು ವರ್ಷಗಳಾಗಿದ್ದವು. ಮಾಮ ಅವನನ್ನು ಕಣ್ಣಿನಲ್ಲೇ ಜೈಲಿಗೆ ಹಾಕಿದ.

"ಇದರ ನಂಬರ್ ಎಲ್ಲಿರ್ಬೇಕು?" ಎಂದು ಅಕ್ಕ ಕೇಳಿದಳು.

ಭೂತಗನ್ನಡಿ ಹೆಣ ಮುಟ್ಟುವವನಂತೆ ಕರವಸ್ತ್ರದಲ್ಲಿ ಕೋವಿ ಹಿಡಿದು ನೋಡಿದ. "ಇಲ್ಲಿರ್ಬೇಕಿತ್ತು. ಪಾಪಿ, ಅರದಲ್ಲಿ ಉಜ್ಜಿಬಿಟ್ಟಿದಾನೆ. ತಯಾರಕರ ಹೆಸರು ಮಾತ್ರ ಹಾಗೇ ಇದೆ."

ಗುರಿ ಹೊಡೆಯುವ ಮೇಜಿನ ಮುಂದೆ ಒಂದು ಗಿಡ್ಡ ಸ್ಟೂಲ್ ಇತ್ತು. ಅಕ್ಕ ಅದರ ಮೇಲೆ ಕುಳಿತು ಎದ್ದಳು. ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಮುದುಕಿ ಉಗುಳಿದ ಖಾಲಿ ತೋಟಾಗಳನ್ನು ಕರ್ನಲ್ ಪ್ರೀತಿಯಿಂದ ಅದರಲ್ಲಿ ಕೂಡಿಡುತ್ತಿದ್ದರು. ಡಬ್ಬಿ ತುಂಬಿ ತುಳುಕುತ್ತಿತ್ತು.

"ಈಚೆಗೆ ಬೇಗ ತುಂಬ್ತಿದೆ" ಎಂದರು ಕರ್ನಲ್. "ವಯಸ್ಸಾಯ್ತಲ್ಲ, ಎಷ್ಟು ಹೊಡೆದೆ ಅನ್ನೋದೂ ನೆನಪಿರಲ್ಲ."

ಅಕ್ಕ ಒಂದು ಹಿಡಿ ತೋಟಾ ತೆಗೆದು ತಿರುಗಿಸಿ ನೋಡಿದಳು. ಪ್ರತಿಯೊಂದರ ಅಂಚಿನಲ್ಲೂ ಪಿನ್ ಬಡಿದ ಗುರುತು ಪುಟ್ಟ ಅರ್ಧಚಂದ್ರದಂತಿತ್ತು.

"ಸೊಂಟ ನೋವು ಯಾವಾಗಿಂದ?"

"ಊರಿಂದ ಬಂದ ರಾತ್ರಿಯಿಂದ. ನನ್ನ ಹಾಸಿಗೆ ಮೇಲೆ ಮಲಗಿ ಬೆನ್ನು ನೋವು ಅಂದ್ರೆ ನನಗೇ ನಾಚಿಕೆ. ಈಗ ದುಃಖ ಬೇರೆ ಸೇರ್ಕೊಂಡಿದೆ."

"ಮಧ್ಯಾಹ್ನ ಮಲಗುವಾಗ ಕಿವಿ ಮೆಷಿನ್ ತೆಗೆದಿಡ್ತೀರಲ್ಲ?"

"ತೆಗೆದು ಅದರ ಪುಟ್ಟ ಪೆಟ್ಟಿಗೆಗೆ ಹಾಕ್ತೀನಿ. ಆ ಪೆಟ್ಟಿಗೆ ಮನೆ ಬಿಟ್ಟು ಎಲ್ಲೂ ಹೋಗಲ್ಲ, ಅಲ್ಲೇ ಬೀರು ಕೀ ಕೂಡ..." ಎಂದವರು ಸಟ್ಟನೆ ಬಾಯಿ ಮುಚ್ಚಿಕೊಂಡರು.

ಅಕ್ಕ ಮುಗುಳ್ನಕ್ಕಳು. "ಭಾನುವಾರ ಎಲ್ಲರೂ ಇಲ್ಲೇ ಸೇರೋಣ. ನಿಮ್ಮ ಮನೆಯವರೂ ಬರಲಿ."

ಭಾನುವಾರ ಬೆಳಿಗ್ಗೆ ಎಲ್ಲರೂ ಕಿವಿಗೆ ಮುಚ್ಚಳ ಹಾಕಿಕೊಂಡು ಸೇರಿದರು. "ಮೊದಲು ಒಬ್ಬೊಬ್ಬರೂ ಈ ಕೋವೀಲಿ ಒಂದೊಂದು ಗುಂಡು ಹೊಡೀರಿ" ಎಂದಳು ಅಕ್ಕ. ಕರ್ನಲ್ ಕಣ್ಣೀರಿನ ಮಧ್ಯೆಯೇ ಹೊಡೆದರು. ಗುಂಡು ಗುರಿಹಾಳೆಯ ಮೂಲೆಗೆ ಬಿತ್ತು. ಭೂತಗನ್ನಡಿಯದು ಕಪ್ಪು ಚುಕ್ಕೆಯ ಪಕ್ಕಕ್ಕೆ. ಭೂತಗನ್ನಡಿಯೇ ಕೋವಿ ಸಿದ್ಧಮಾಡಿ ಕೊಟ್ಟರೂ ಮಾಮನದು ಮರಳಿನ ಪೆಟ್ಟಿಗೆಗೆ ತಗುಲಿದ್ದೇ ಪುಣ್ಯ.

"ಈಗ ನೀವು" ಎಂದು ಅಕ್ಕ ಬೀಗಿತ್ತಿಯ ಕಡೆ ತಿರುಗಿದಳು.

"ಅವಳಿಗೇನು ಗೊತ್ತು! ಕೋವಿಯ ಬಾಯಿ ಯಾವುದು, ಬಾಲ ಯಾವುದು ಅಂತಾನೂ ತಿಳಿಯಲ್ಲ" ಎಂದರು ಕರ್ನಲ್.

ಬೀಗಿತ್ತಿ ಹಿಂದೆ ಮುಂದೆ ನೋಡಿದರು. ಎಲ್ಲರೂ ತಮ್ಮನ್ನೇ ನೋಡುತ್ತಿದ್ದುದರಿಂದ ಬೇರೆ ದಾರಿ ಕಾಣದೆ ಆ ಗಿಡ್ಡ ಸ್ಟೂಲಿನ ಮೇಲೆ ಕುಳಿತರು. ತೋಟಾ ತೂರಿಸಿ, ಅಗುಳಿಯಂಥ ಬೋಲ್ಟ್ ಮುಚ್ಚಿ, ಅದರ ಹಿಂಬದಿಯ ಗುಂಡಿಯನ್ನು ಎರಡು ಬೆರಳಲ್ಲಿ ಎಳೆದು, ಉಸಿರು ಅರ್ಧ ಬಿಟ್ಟು ಟ್ರಿಗರ್ ಒತ್ತಿದರು. ಟಪ್! ಕಪ್ಪು ಚುಕ್ಕೆಯ ನಟ್ಟನಡುವೆ ತೂತು.

ಕರ್ನಲ್ ಮೀಸೆ ಒಂದು ಕಡೆ ಇಳಿಯಿತು.

ಅಕ್ಕ ಆಗಷ್ಟೇ ಹೊಡೆದ ನಾಲ್ಕು ಖಾಲಿ ತೋಟಾಗಳನ್ನು ಹೆಕ್ಕಿ ಮೇಜಿನ ಮೇಲಿಟ್ಟಳು. "ನೋಡಿ, ಇವುಗಳ ಅಂಚಲ್ಲಿ ಗುರುತು ಚೌಕವಾಗಿದೆ. ಡಬ್ಬೀಲಿರೋ ಎಲ್ಲದರ ಮೇಲೂ ಅರ್ಧಚಂದ್ರ. ನಳಿಗೆ ಎಷ್ಟೇ ಉಜ್ಜಿದ್ರೂ ಒಳಗಿನ ಪಿನ್ ಆಕಾರ ಬದಲಾಗಲ್ಲ. ಅಂದ್ರೆ ಇದು ಮುದುಕಿ ಅಲ್ಲ, ಅವಳ ತಂಗಿ. ಅದೇ ಕಂಪನಿಯ ಇನ್ನೊಂದು ಕೋವಿ."

"ಹಾಗಾದ್ರೆ ಪಾಲಿಶ್ ಯಾಕೆ?" ಎಂದ ಭೂತಗನ್ನಡಿ.

"ನೂರು ವರ್ಷದ ಬಣ್ಣಾನ ನಕಲು ಮಾಡೋಕಾಗುತ್ತಾ? ಇಲ್ಲ. ಅದಕ್ಕೆ ಬಣ್ಣಾನೇ ಇಲ್ಲದ ಹಾಗೆ ಮಾಡಿದ್ರು. ಬಣ್ಣ ಹೋಯ್ತು ಅಂತ ಅಳೋರು ಕೋವೀನೇ ಬೇರೆ ಅಂತ ಗಮನಿಸಲ್ಲ. ನಂಬರ್ ಒಂದು ಗುಟ್ಟು ಬಿಟ್ಟುಕೊಡ್ತಿತ್ತು, ಅದನ್ನ ಅರದಲ್ಲಿ ಉಜ್ಜಿದ್ರು. ಪಾಲಿಶ್‌ಗೆ ಅಂತ ಉಜ್ಜಿದ್ದಾಗಿದ್ರೆ ಪಕ್ಕದ ಹೆಸರೂ ಹೋಗಿರ್ತಿತ್ತು."

ಮಾಮ ತಡೆಯಲಾರದೆ ಭೂತಗನ್ನಡಿಯ ತೋಳು ಹಿಡಿದ. "ಸಿಕ್ಕಿಬಿದ್ದೆ ನೋಡು!"

"ಬಿಡೋ ಅವನನ್ನ" ಎಂದಳು ಅಕ್ಕ. "ಕೋವೀನ ಕರವಸ್ತ್ರದಲ್ಲಿ ಮುಟ್ಟೋನು ಅದಕ್ಕೆ ಅರ ಹಚ್ತಾನಾ? ನಂಬರ್ ಉಜ್ಜಿದಾರೆ ಅಂತ ಬಾಯಿಬಿಟ್ಟವನೂ ಅವನೇ. ಇನ್ನು ಕೀ. ಕರ್ನಲ್ ಅದನ್ನ ಇಡೋ ಜಾಗ ಮನೇಲಿ ಇನ್ನೊಬ್ಬರಿಗೆ ಗೊತ್ತಿಲ್ಲ ಅನ್ನೋದು ಕರ್ನಲ್ ನಂಬಿಕೆ ಅಷ್ಟೇ. ಆ ಕಿವಿ ಪೆಟ್ಟಿಗೆ ದಿನಾ ಒರೆಸಿಡೋದು ಯಾರು? ಈ ಸ್ಟೂಲ್ ಮೇಲೆ ಕೂತ್ರೆ ಕರ್ನಲ್ ಮಂಡಿ ಗಲ್ಲಕ್ಕೆ ಬಡಿಯುತ್ತೆ. ಮಧ್ಯಾಹ್ನ ಅವರು ಮೆಷಿನ್ ತೆಗೆದು ಮಲಗಿದ್ರೆ ನೆಲಮಾಳಿಗೇಲಿ ಯಾರು ಗುಂಡು ಹೊಡೆದ್ರೂ ಕೇಳಿಸಲ್ಲ. ಗೊರಕೆಗೆ ಅಂತ ನನ್ನ ಹತ್ರ ಕಿವಿ ಬಿರಡೆ ತಗೊಂಡೋರು ಒಬ್ಬರೇ. ಆದ್ರೆ ಈ ಕರ್ನಲ್ ಮೂಗು ನಾನು ನೋಡಿದೀನಿ, ಇದು ಗೊರಕೆ ಹೊಡೆಯೋ ಮೂಗಲ್ಲ. ಬಿರಡೆ ಬೇಕಿದ್ದದ್ದು ಗುಂಡಿನ ಸದ್ದಿಗೆ. ಇಂಥ ಹಳೇ ಕೋವೀಲಿ ಬೋಲ್ಟ್ ಮುಚ್ಚಿದ ಮೇಲೆ ಹಿಂದಿನ ಗುಂಡಿ ಕೈಯಲ್ಲೇ ಎಳೀಬೇಕು. ಹೊಸಬರು ಅದನ್ನ ಮರೆತು ಟ್ರಿಗರ್ ಒತ್ತಿ ಸುಮ್ಮನೆ ಕೂರ್ತಾರೆ. ಈಗ ಯಾರೋ ಕಣ್ಮುಚ್ಚಿ ಎಳೆದ್ರು. ಎಲ್ಲಕ್ಕಿಂತ ಮೊದಲು, ನನ್ನ ತಮ್ಮ ತಪ್ಪು ಮಾಡಿಲ್ಲ ಅಂತ ಅಷ್ಟು ಖಚಿತವಾಗಿ ಹೇಳೋಕೆ ತಪ್ಪು ಮಾಡಿದೋರಿಗೆ ಮಾತ್ರ ಸಾಧ್ಯ."

ಬೀಗಿತ್ತಿ ಎದ್ದು ನಿಂತರು. "ಹೌದು. ನಾನೇ."

"ಮುದುಕಿ ಎಲ್ಲಿ?" ಎಂದರು ಕರ್ನಲ್.

"ರಾತ್ರಿಯೆಲ್ಲ ಅದರ ಮೇಲೇ ಮಲಗ್ತಿದೀರಿ" ಎಂದಳು ಅಕ್ಕ. "ಹಾಸಿಗೆ ಹೊಲಿಗೆ ಬಿಚ್ಚಿ ನೋಡಿ."

ಮಾಮ ಕೆಳಗೆ ಹೊತ್ತು ತಂದ ಹಾಸಿಗೆಯ ಹೊಟ್ಟೆಯಿಂದ ಮುದುಕಿ ಎರಡು ತುಂಡಾಗಿ ಬಂತು. ಕೈಯಿಂದ ಹಿಡಿಯುವ ಕಡೆ ಮರ ಕತ್ತು ಮುರಿದಿತ್ತು. "ನೀವು ಊರಲ್ಲಿರಲಿಲ್ಲ. ಮೆಟ್ಟಿಲ ಮೇಲೆ ಕಾಲು ಜಾರಿತು, ನಾನು ಕಂಬಿ ಹಿಡ್ಕೊಂಡೆ, ಅದು ಬಿತ್ತು" ಎಂದರು ಬೀಗಿತ್ತಿ. "ಗುಜರಿ ಅಂಗಡೀಲಿ ಅಂಥದ್ದೇ ಸಿಕ್ಕಿತು. ಪಾಲಿಶ್ ಮಾಡೋ ಕ್ರಮ ಬೀಗರು ನಮ್ಮ ಮನೆ ಊಟದ ಮೇಜಲ್ಲೇ ಎಷ್ಟೋ ಸಲ ವಿವರಿಸಿದ್ರು. ಒಂದೆರಡು ದಿನ ಅತ್ತು ಸುಮ್ಮನಾಗ್ತೀರಿ ಅಂದ್ಕೊಂಡೆ. ಬೀಗರ ಮೇಲೆ ಹೊರಿಸ್ತೀರಿ ಅಂತ ಕನಸಲ್ಲೂ ಎಣಿಸಿರಲಿಲ್ಲ. ಬಾಯಿಬಿಡೋಣ ಅಂತ ದಿನಾ ಅಂದ್ಕೋತಿದ್ದೆ, ಮುದುಕಿ ಹೆಸರು ಎತ್ತಿದ್ರೆ ನೀವು ಬಿಕ್ಕಳಿಸ್ತಿದ್ರಿ."

"ನನ್ನ ಹತ್ರ ತಂದಿದ್ರೆ ಗುರುತೇ ಸಿಗದ ಹಾಗೆ ಅಂಟಿಸಿ ಕೊಡ್ತಿದ್ದೆನಲ್ಲ!" ಎಂದ ಮಾಮ, ಅಪರಾಧಿ ಸಿಕ್ಕ ಸಂತೋಷಕ್ಕಿಂತ ಕಸುಬಿಗಾದ ಅವಮಾನವೇ ಹೆಚ್ಚಾಗಿ.

"ಕೊಡ್ತಿದ್ರಿ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರ್ತಿತ್ತು" ಎಂದರು ಬೀಗಿತ್ತಿ.

ಮಾಮ ಬಗ್ಗಿ ಮರದ ಬಿರುಕನ್ನು ಪರೀಕ್ಷಿಸತೊಡಗಿದ.

ಕರ್ನಲ್ ಆ ಗುರಿಹಾಳೆಯನ್ನೇ ನೋಡುತ್ತಿದ್ದರು. "ನನಗೆ ಯಾಕೆ ಹೇಳಲಿಲ್ಲ? ನಾನೇ ಕಲಿಸ್ತಿದ್ನಲ್ಲ."

"ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ನಕ್ಕುಬಿಟ್ರಿ."

ಕರ್ನಲ್ ಮುರಿದ ಎರಡು ತುಂಡುಗಳನ್ನೂ ಮಗುವನ್ನು ಕೊಡುವಂತೆ ಮಾಮನ ಕೈಗಿಟ್ಟರು. "ಬೀಗರೇ, ನನ್ನ ಬಾಯಿಗೆ ಬೆಂಕಿ ಹಾಕ. ಕ್ಷಮಿಸಿ. ಇದನ್ನ ಬದುಕಿಸಿ. ಹೊಳಪು ಮಾತ್ರ ಬೇಡ, ಕೈ ಮುಗೀತೀನಿ."

ಮಾಮ ಬದುಕಿಸಿದ. ಬಿರುಕಿಗೆ ಅಂಟು ತುಂಬಿ, ಒಳಗೆ ಮರದ ಗೂಟ ಕೂರಿಸಿ, ಅಗಸೆ ಎಣ್ಣೆಯನ್ನು ಅಂಗೈಯಲ್ಲೇ ತಿಕ್ಕಿದ. ಹಳೆಯ ಕೋವಿಗಳ ಆ ವರ್ಷದ ಸ್ಪರ್ಧೆಯಲ್ಲಿ ಮುದುಕಿಯನ್ನು ಹಿಡಿದವರು ಬೀಗಿತ್ತಿ. ಮಿರುಗುವ ತಂಗಿಯನ್ನು ಹಿಡಿದು ನಾಚಿಕೊಂಡು ನಿಂತವರು ಕರ್ನಲ್. ಬೀಗಿತ್ತಿ ಗೆದ್ದರು, ಅದೂ ಭೂತಗನ್ನಡಿ ಮೂರು ಸಲ ಹಾಳೆ ಪರೀಕ್ಷಿಸಿದ ಮೇಲೆ. ಕರ್ನಲ್ ಸಿಕ್ಕಸಿಕ್ಕವರ ಕೈ ಕುಲುಕಿ, "ನಮ್ಮ ಮನೆಯವರು, ನಮ್ಮ ಮನೆಯವರು" ಎಂದು ಪರಿಚಯ ಮಾಡಿಕೊಟ್ಟರು.

ಸಂಜೆ ಎರಡೂ ಮನೆಯವರು ಕುಳಿತು ಮದುವೆಯ ದಿನ ಗೊತ್ತುಮಾಡಿದರು. ಛತ್ರ ಸಿಕ್ಕಿತು, ಅಡಿಗೆಯವರೂ ಒಪ್ಪಿದರು. ಆಗ ಬೀಗಿತ್ತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಗಂಭೀರವಾಗಿ ಕೇಳಿದರು:

"ಅವತ್ತೇ ದೊಡ್ಡ ಊರಲ್ಲಿ ಮುಂದಿನ ಸುತ್ತಿನ ಸ್ಪರ್ಧೆ ಇದೆಯಂತೆ. ಮದುವೇನ ಸ್ವಲ್ಪ ಮುಂದಕ್ಕೆ ಹಾಕೋಕಾಗುತ್ತಾ?"

ಮಾಮ ಅಕ್ಕನ ಮುಖ ನೋಡಿದ, ಅಕ್ಕ ಕರ್ನಲ್ ಮುಖ ನೋಡಿದಳು. ಕರ್ನಲ್ ಆಗಲೇ ಛತ್ರದವರಿಗೆ ಫೋನ್ ಹಚ್ಚುತ್ತಿದ್ದರು.